ಬಲ ನಳಿಗೆಯಲ್ಲಿ ಮಾತ್ರ ಕೂರದ ತೋಟಾ

ಪ್ರಶ್ನೆ: ನಮ್ಮ ಮನೆ ಕೊಡಗಿನ ನಾಪೋಕ್ಲು ಬಳಿ. ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆ ಕೋವಿ ಇದೆ, ಹನ್ನೆರಡು ಬೋರಿನದು. ಈ ಸಲ ಕೈಲ್ ಪೊಳ್ದ್ (ನಮ್ಮ ಆಯುಧಪೂಜೆಯ ಹಬ್ಬ) ದಿನ ತೆಂಗಿನಕಾಯಿಗೆ ಗುಂಡು ಹೊಡೆಯಲೆಂದು ತೆಗೆದ ಇಪ್ಪತ್ತೈದು ತೋಟಾಗಳಲ್ಲಿ ಎಂಟು ಬಲ ನಳಿಗೆಯೊಳಗೆ ಪೂರ್ತಿ ಕೂರಲಿಲ್ಲ, ಕೋವಿ ಮುಚ್ಚಲೇ ಇಲ್ಲ. ಅವೇ ಎಂಟು ಎಡ ನಳಿಗೆಯಲ್ಲಿ ಸಲೀಸಾಗಿ ಕೂತವು. ಬಲ ನಳಿಗೆಯಲ್ಲಿ ಹೊಡೆದ ಎರಡು ತೋಟಾಗಳ ಖಾಲಿ ಕವಚ ಹೊರಗೆ ಬರದೆ ಸಿಕ್ಕಿಕೊಂಡವು. ಅಮೆರಿಕದಲ್ಲಿರುವ ಮಗ ತನ್ನ 9 ಮಿಲಿಮೀಟರ್ ಪಿಸ್ತೂಲಿಗೆ ಬೇಕಾದ ತೋಟಾಗಳನ್ನು ಕವಚಕ್ಕೆ ಮದ್ದು, ಗುಂಡು ತುಂಬಿ ತಾನೇ ಮಾಡಿಕೊಳ್ಳುತ್ತಾನೆ. ನಳಿಗೆ ಬಿಚ್ಚಿ ಅದರೊಳಗೆ ತೋಟಾ ಇಳಿಬಿಟ್ಟು ನೋಡಿ ಎಂದು ಫೋನಿನಲ್ಲಿ ಹೇಳಿದ. ಮುಂದಿನ ರಜೆಗೆ ಬರುವಾಗ ತುಂಬುವ ಯಂತ್ರವನ್ನೇ ತರುತ್ತೇನೆ ಎಂದೂ ಹೇಳಿದ್ದಾನೆ. ಅವನ ಹೊಸ ಪಿಸ್ತೂಲಿನಲ್ಲಿಯೂ ಹತ್ತಕ್ಕೊಂದು ತೋಟಾ ಸಿಕ್ಕಿಕೊಳ್ಳುತ್ತಿದೆಯಂತೆ. ಮನೆಯಲ್ಲೇ ತುಂಬಿಕೊಂಡರೆ ನಮ್ಮ ತೊಂದರೆ ತಪ್ಪೀತೇ?

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಒಂದೇ ತೋಟಾ ಎಡಗಡೆ ಸಲೀಸಾಗಿ ಕೂತು ಬಲಗಡೆ ಕೂರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ತೋಟಾವನ್ನಲ್ಲ, ಬಲ ನಳಿಗೆಯನ್ನು. ಆದರೆ ಇಪ್ಪತ್ತೈದರಲ್ಲಿ ಹದಿನೇಳು ಅದೇ ಬಲ ನಳಿಗೆಯಲ್ಲಿ ಕೂತಿವೆಯಲ್ಲ, ಆದ್ದರಿಂದ ಆ ಎಂಟು ತೋಟಾಗಳೂ ಪೂರ್ತಿ ನಿರ್ದೋಷಿಗಳಲ್ಲ. ನನ್ನ ಊಹೆಯಲ್ಲಿ ಇಲ್ಲಿ ಎರಡು ಸಣ್ಣ ದೋಷಗಳು ಒಟ್ಟು ಸೇರಿವೆ: ನಳಿಗೆಯ ಕೋಣೆ, ಅಂದರೆ ತೋಟಾ ಕೂರುವ ಹಿಂಬದಿಯ ಜಾಗ, ಕೊಳೆಯಿಂದಲೋ ತುಕ್ಕಿನಿಂದಲೋ ಕೊಂಚ ಬಿಗಿಯಾಗಿದೆ, ಎಂಟು ತೋಟಾಗಳು ಮಳೆಗಾಲದಲ್ಲಿ ಕೊಂಚ ಉಬ್ಬಿವೆ ಅಥವಾ ಕಿಲುಬು ಹಿಡಿದಿವೆ. ಒಂದೊಂದೇ ಇದ್ದಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ.

ಬಲ ನಳಿಗೆಯೇ ಏಕೆ ಎಂಬುದಕ್ಕೆ ಸರಳವಾದ ಕಾರಣವಿದೆ. ಸಾಮಾನ್ಯ ಜೋಡುನಳಿಗೆ ಕೋವಿಯಲ್ಲಿ ಮುಂದಿನ ಕುದುರೆ (ಟ್ರಿಗರ್) ಬಲ ನಳಿಗೆಯದು, ಹಿಂದಿನದು ಎಡ ನಳಿಗೆಯದು. ಒಂದೇ ಈಡು ಹೊಡೆಯುವವರ ಬೆರಳು ತಾನಾಗಿ ಮುಂದಿನ ಕುದುರೆಗೆ ಹೋಗುತ್ತದೆ. ಪುತ್ತರಿಯ ದಿನ ಕದಿರು ಕೊಯ್ಯುವಾಗ ಹಾರಿಸುವ ಗುಂಡು, ಮನೆಯಲ್ಲಿ ಗಂಡುಮಗು ಹುಟ್ಟಿದಾಗಿನ ಗುಂಡು, ತೆಂಗಿನಕಾಯಿಯ ಗುರಿ, ತೋಟಕ್ಕೆ ಬಂದ ಮಂಗಗಳನ್ನು ಬೆದರಿಸಲು ಹಾರಿಸಿದ್ದು, ಇವೆಲ್ಲ ಮೂರು ತಲೆಮಾರುಗಳಿಂದ ಬಲ ನಳಿಗೆಯ ಲೆಕ್ಕಕ್ಕೇ ಸೇರಿರುತ್ತವೆ. ನಾನು ಬಿಚ್ಚಿ ನೋಡಿದ ಹಳೆಯ ಕೋವಿಗಳಲ್ಲಿ ಎಡ ಕೋಣೆ ಕನ್ನಡಿಯಂತಿದ್ದು ಬಲ ಕೋಣೆಯಲ್ಲಿ ಸಿಡುಬಿನ ಕಲೆಯಂತಹ ತುಕ್ಕಿನ ಗುಳಿಗಳಿದ್ದವು ಹಲವಾರು.

ನಿಮ್ಮ ಮಗ ಹೇಳಿದ ಪರೀಕ್ಷೆ ಸರಿಯಾದದ್ದೇ. ಸೇನೆಯ ಇಎಂಇ ದಳದಲ್ಲಿ ಆಯುಧ ದುರಸ್ತಿಗಾರನಾಗಿದ್ದಾಗ ನಾವೂ ಅದನ್ನೇ ಮಾಡುತ್ತಿದ್ದೆವು. ಅಳತೆಗೋಲು ಏನೇ ಹೇಳಲಿ, ತೋಟಾ ಕೂರಬೇಕಾದದ್ದು ನಿಮ್ಮ ಕೋವಿಯ ಕೋಣೆಯಲ್ಲಿ. ಆದ್ದರಿಂದ ಆ ಕೋಣೆಯೇ ಕೊನೆಯ ಅಳತೆ. ಜೋಡುನಳಿಗೆ ಕೋವಿಯಲ್ಲಿ ಇದಕ್ಕೊಂದು ಅನುಕೂಲವಿದೆ: ನಳಿಗೆಯ ಕೆಳಗಿನ ಮರದ ಭಾಗವನ್ನು ತೆಗೆದು ಕೋವಿಯನ್ನು ಮಡಿಸಿದರೆ ನಳಿಗೆಗಳೆರಡೂ ಒಟ್ಟಿಗೆ ಕೈಗೆ ಬರುತ್ತವೆ. ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕೇಪನ್ನು ಹೊಡೆಯುವ ಮೊಳೆ ಹಿಂದಿನ ಭಾಗದಲ್ಲೇ ಉಳಿಯುವುದರಿಂದ ಬಿಡಿ ನಳಿಗೆಯಲ್ಲಿ ತೋಟಾ ಇಳಿಸಿ ನೋಡುವುದರಲ್ಲಿ ಅಪಾಯ ಕಡಿಮೆ. ಕೋವಿಯನ್ನು ಜೋಡಿಸಿಟ್ಟುಕೊಂಡು ಮನೆಯೊಳಗೆ ಜೀವಂತ ತೋಟಾ ಹಾಕಿ ತೆಗೆದು ಮಾಡಬೇಡಿ.

ಬಿಚ್ಚಿದ ನಳಿಗೆಗಳನ್ನು ಬಾಯಿ ಕೆಳಗಾಗಿ ಮಡಿಸಿದ ಕಂಬಳಿಯ ಮೇಲೆ ನಿಲ್ಲಿಸಿ, ಒಬ್ಬರು ಹಿಡಿದುಕೊಳ್ಳಲಿ. ತೋಟಾವನ್ನು ಬೆರಳಿನಿಂದ ಒತ್ತದೆ ಸುಮ್ಮನೆ ಕೈಬಿಡಿ. ಸರಿಯಾದ ತೋಟಾ ತನ್ನ ಭಾರಕ್ಕೇ ಇಳಿದು, ಬುಡದ ಅಂಚು ನಳಿಗೆಯ ಹಿಂಬದಿಯ ತೋಡಿಗೆ ಬಡಿದು 'ಟಕ್' ಎಂದು ಗಟ್ಟಿಯಾದ ಸದ್ದು ಮಾಡುತ್ತದೆ. ನಳಿಗೆ ಮಗುಚಿದರೆ ತಾನಾಗಿ ಹೊರಗೆ ಬೀಳುತ್ತದೆ. ಇಳಿಯುವಾಗ ಅರ್ಧದಲ್ಲಿ ನಿಧಾನವಾಗುವುದು, 'ಟಕ್' ಬದಲು ಮೆತ್ತಗೆ 'ಧಪ್' ಎನ್ನುವುದು, ಮಗುಚಿದಾಗ ಅಂಟಿಕೊಂಡಿರುವುದು, ಇವು ಒಂದೊಂದೂ ಬೇರೆ ಬೇರೆ ಸುದ್ದಿ ಹೇಳುತ್ತವೆ. ಕೂತ ತೋಟಾದ ಮೇಲೆ ನಳಿಗೆಯ ಹಿಂಬದಿಗೆ ಅಡ್ಡಲಾಗಿ ಉಕ್ಕಿನ ಸ್ಕೇಲನ್ನಿಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸ್ಕೇಲು ನಳಿಗೆಯ ಮೇಲೆ ಸಮವಾಗಿ ಮಲಗಬೇಕು. ತೋಟಾದ ಬುಡ ಅದನ್ನು ಎತ್ತಿ ಹಿಡಿದು ಇಕ್ಕೆಲದಲ್ಲಿ ಬೆಳಕು ತೂರಿದರೆ ಕೋವಿ ಮುಚ್ಚುವುದಿಲ್ಲ ಅಥವಾ ಮುಚ್ಚಲು ಬಲ ಬೇಕಾಗುತ್ತದೆ. ಈ 'ಬಲ ಬೇಕಾಗುತ್ತದೆ' ಎಂಬಲ್ಲೇ ನಮ್ಮವರು ಕೋವಿ ಹಾಳುಮಾಡುವುದು. ಮಂಡಿಗೆ ಒತ್ತಿ ರಪ್ಪನೆ ಮುಚ್ಚಿ ಮುಚ್ಚಿ, ಅದು ಮಡಚುವ ಕೀಲೇ ಸಡಿಲವಾಗಿ, ನಳಿಗೆಗೂ ಹಿಂಬದಿಯ ಫಲಕಕ್ಕೂ ನಡುವೆ ಕಾಗದ ತೂರುವಷ್ಟು ಸಂದು ಬಿಟ್ಟಿದ್ದ ಒಂದು ಒಳ್ಳೆಯ ಕೋವಿಯನ್ನು ನಾನು ನೋಡಿದ್ದೇನೆ. ಅದರ ದುರಸ್ತಿಗೆ ಆದ ಖರ್ಚಿನಲ್ಲಿ ಎಷ್ಟೋ ವರ್ಷಗಳ ತೋಟಾ ಕೊಳ್ಳಬಹುದಿತ್ತು.

ಎಲ್ಲಿ ತಾಗುತ್ತಿದೆ ಎಂದು ತಿಳಿಯಲು, ಕೂರದ ತೋಟಾಗೆ ಬುಡದ ಲೋಹದಿಂದ ಬಾಯಿಯವರೆಗೆ ಕಪ್ಪು ಮಾರ್ಕರ್ ಪೆನ್ನಿನಿಂದ ತೆಳುವಾಗಿ ಬಳಿಯಿರಿ. ಕೇಪಿನ ಮೇಲೆ ಬೇಡ. ಹಳೆಯ ಕಸುಬುದಾರರು ಬಿಡಿಭಾಗ ಹೊಂದಿಸುವಾಗ ದೀಪದ ಮಸಿ ಹಿಡಿಯುತ್ತಿದ್ದರು, ಆದರೆ ಮದ್ದು ತುಂಬಿದ ತೋಟಾದ ಹತ್ತಿರ ದೀಪ ತರುವ ಮಾತೇ ಇಲ್ಲ. ಶಾಯಿ ಒಣಗಿದ ಮೇಲೆ ಒಮ್ಮೆ ಇಳಿಸಿ ತೆಗೆದರೆ ತಾಗಿದ ಜಾಗದಲ್ಲಿ ಶಾಯಿ ಉಜ್ಜಿಹೋಗಿ ಹೊಳೆಯುತ್ತದೆ. ಬುಡದ ಲೋಹದ ಸುತ್ತ ಉಜ್ಜಿದ್ದರೆ ಲೋಹ ಉಬ್ಬಿದೆ ಅಥವಾ ಕಿಲುಬಿದೆ. ನಡುವಿನಲ್ಲಿ ಉಜ್ಜಿದ್ದರೆ ಕವಚ ತೇವಕ್ಕೆ ಊದಿದೆ ಅಥವಾ ಕೋಣೆಯ ಗೋಡೆಗೆ ಏನೋ ಅಂಟಿದೆ. ಎಲ್ಲಿಯೂ ಉಜ್ಜದೆ ಬುಡ ಮಾತ್ರ ಎತ್ತರವಾಗಿ ನಿಂತಿದ್ದರೆ ಅಂಚಿನ ತೋಡನ್ನು ನೋಡಬೇಕು.

ಈ ತೋಡಿನ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ನೋಡುವುದಿಲ್ಲ. ಹನ್ನೆರಡು ಬೋರಿನ ತೋಟಾ ಕೋಣೆಯೊಳಗೆ ನಿಲ್ಲುವುದು ಬುಡದ ಅಂಚಿನ ಮೇಲೆ. ಆ ಅಂಚಿನ ದಪ್ಪ ಎರಡು ಮಿಲಿಮೀಟರಿಗೂ ಕೊಂಚ ಕಡಿಮೆ. ಅದು ಕೂರಲು ನಳಿಗೆಯ ಹಿಂಬದಿಯಲ್ಲಿ ಅಷ್ಟೇ ಆಳದ ವೃತ್ತಾಕಾರದ ತೋಡಿದೆ. ವೃತ್ತದ ಒಂದು ಭಾಗ ನಳಿಗೆಯಲ್ಲಿ ಕೊರೆದದ್ದು, ಉಳಿದ ಭಾಗ ಖಾಲಿ ಕವಚವನ್ನು ಹೊರದಬ್ಬುವ ಎಕ್ಸ್‌ಟ್ರಾಕ್ಟರಿನ ಮೇಲೆ. ವರ್ಷವರ್ಷ ಕೋವಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡುವ ಮನೆಗಳಲ್ಲಿ ಆ ಎಣ್ಣೆ ಇಳಿದು ಇಳಿದು ಎಕ್ಸ್‌ಟ್ರಾಕ್ಟರಿನ ಅಡಿಯಲ್ಲಿ ನಿಲ್ಲುತ್ತದೆ, ಧೂಳು ಮತ್ತು ಸುಟ್ಟ ಮದ್ದಿನ ಕರಿಯೊಂದಿಗೆ ಬೆರೆತು ಒಣಗಿ ಗಟ್ಟಿಯಾಗುತ್ತದೆ. ಬಿದಿರಿನ ಕಡ್ಡಿಯನ್ನು ಉಳಿಯಂತೆ ಚೂಪುಮಾಡಿ ಆ ಮೂಲೆಯನ್ನು ಕೆರೆದರೆ ಕಾಫಿಯ ಗಸಿಯಂತಹ ಕಪ್ಪು ಹುಡಿ ಬೀಳುತ್ತದೆ, ಕೆಲವೊಮ್ಮೆ ಉಗುರಿನಷ್ಟು ದಪ್ಪದ ಹೆಕ್ಕಳೆಯೇ ಎದ್ದು ಬರುತ್ತದೆ. ಎಕ್ಸ್‌ಟ್ರಾಕ್ಟರ್ ಕೂದಲೆಳೆಯಷ್ಟು ಮೇಲೆ ನಿಂತರೂ ತೋಟಾದ ಅಂಚು ಅಷ್ಟೇ ಮೇಲೆ ನಿಲ್ಲುತ್ತದೆ, ಕೋವಿ ಮುಚ್ಚುವುದಿಲ್ಲ. ದಪ್ಪ ಅಂಚಿನ ತೋಟಾಗಳು ಸಿಕ್ಕಿಕೊಂಡು ತೆಳು ಅಂಚಿನವು ಕೂರುವುದರಿಂದ 'ಕೆಲವು ಕೂರುತ್ತವೆ, ಕೆಲವು ಕೂರುವುದಿಲ್ಲ' ಎಂಬ ನಿಮ್ಮ ಅನುಭವಕ್ಕೂ ಇದು ಹೊಂದುತ್ತದೆ. ಕಬ್ಬಿಣದ ಮೊಳೆಯಿಂದಾಗಲಿ ಸ್ಕ್ರೂಡ್ರೈವರಿನಿಂದಾಗಲಿ ಕೆರೆಯಬೇಡಿ, ಬಿದಿರು ಸಾಕು.

ಕೋಣೆಯನ್ನು ಶುಚಿಮಾಡುವ ಕ್ರಮವೂ ನಳಿಗೆಯದ್ದಕ್ಕಿಂತ ಬೇರೆ. ಹನ್ನೆರಡು ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್, ತೋಟಾ ಕೂರುವ ಕೋಣೆ ಇಪ್ಪತ್ತು ಮಿಲಿಮೀಟರಿಗಿಂತ ಅಗಲ. ಹೀಗಾಗಿ ನಳಿಗೆ ಒರೆಸುವ ಹಗ್ಗವಾದ ಪುಲ್ ಥ್ರೂಗೆ ಚಿಂದಿ ಕಟ್ಟಿ ಎಷ್ಟು ಸಲ ಎಳೆದರೂ, ನಳಿಗೆ ತೊಳಗುತ್ತದೆಯೇ ಹೊರತು ಕೋಣೆಯ ಗೋಡೆಗೆ ಬಟ್ಟೆ ಸರಿಯಾಗಿ ತಾಗುವುದೇ ಇಲ್ಲ. ಕೋಣೆಗೆಂದೇ ಬರುವ ದಪ್ಪನೆಯ ಕಂಚಿನ ತಂತಿಯ ಬ್ರಷ್ ಬೇಕು. ಅದು ಸಿಗದಿದ್ದರೆ ಹತ್ತು ಬೋರಿನ ಬ್ರಷ್ ಆಗುತ್ತದೆ. ಮದ್ದಿನ ಕರಿ ಕರಗಿಸುವ ದ್ರಾವಣವನ್ನು ಸವರಿ, ಅರ್ಧ ಗಂಟೆ ಬಿಟ್ಟು, ಬ್ರಷ್ಷನ್ನು ಹಿಂದೆಮುಂದೆ ಎಳೆಯದೆ ತಿರುಗಿಸುತ್ತ ಉಜ್ಜಿ, ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಹಳೆಯ ಕಾಗದದ ತೋಟಾಗಳ ಮೇಣ, ಈಗಿನವುಗಳ ಪ್ಲಾಸ್ಟಿಕ್ಕಿನ ಪೊರೆ ಎರಡೂ ಹೀಗೆ ಬಿಡುತ್ತವೆ. ಎಮರಿ ಕಾಗದವನ್ನು ಕೋಲಿಗೆ ಸುತ್ತಿ, ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುವುದನ್ನು ಮಾತ್ರ ಯಾರಿಗೂ ಬಿಡಬೇಡಿ. ಹಾಗೆ 'ಪಾಲಿಷ್' ಮಾಡಿಸಿಕೊಂಡು ಬಂದ ಕೋಣೆ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಆ ಕೋವಿಯಲ್ಲಿ ಆಮೇಲೆ ಯಾವ ತೋಟಾದ ಕವಚವೂ ನೆಟ್ಟಗೆ ಹೊರಗೆ ಬರಲಿಲ್ಲ.

ಖಾಲಿ ಕವಚ ಸಿಕ್ಕಿಕೊಳ್ಳುವುದಕ್ಕೂ ಇದೇ ಕೋಣೆಯೇ ಸಾಮಾನ್ಯವಾಗಿ ಕಾರಣ. ಗುಂಡು ಹಾರುವ ಕ್ಷಣದಲ್ಲಿ ಕವಚ ಒಳಗಿನ ಒತ್ತಡಕ್ಕೆ ಹಿಗ್ಗಿ ಕೋಣೆಯ ಗೋಡೆಗೆ ಅಂಟಿ, ಒತ್ತಡ ಇಳಿದೊಡನೆ ಮತ್ತೆ ಕುಗ್ಗಬೇಕು. ಗೋಡೆಯಲ್ಲಿ ತುಕ್ಕಿನ ಗುಳಿಗಳಿದ್ದರೆ ಪ್ಲಾಸ್ಟಿಕ್ ಆ ಗುಳಿಗಳೊಳಗೆ ಒತ್ತಿಕೊಂಡು, ಅಚ್ಚಿನಲ್ಲಿ ಕೂತ ಹಾಗೆ ಹಿಡಿದುಕೊಳ್ಳುತ್ತದೆ. ಬುಡದ ಲೋಹವೂ ಮುಖ್ಯ: ಹಿತ್ತಾಳೆ ಹಿಗ್ಗಿದ ಮೇಲೆ ಚೆನ್ನಾಗಿ ಹಿಂದೆ ಸರಿಯುತ್ತದೆ, ಮೇಲೆ ಹಿತ್ತಾಳೆಯ ಲೇಪ ಕೊಟ್ಟ ಉಕ್ಕು ಅಷ್ಟು ಸರಿಯುವುದಿಲ್ಲ. ನಿಮ್ಮ ತೋಟಾದ ಬುಡಕ್ಕೆ ಅಯಸ್ಕಾಂತ ಹಿಡಿದರೆ ಯಾವುದೆಂದು ತಿಳಿಯುತ್ತದೆ. ಸಿಕ್ಕಿಕೊಂಡ ಖಾಲಿ ಕವಚವನ್ನು ತೆಗೆಯಲು ನಳಿಗೆ ಬಿಚ್ಚಿ, ಬಾಯಿಯ ಕಡೆಯಿಂದ ಮರದ ಕೋಲು ಹಾಕಿ ಮೆಲ್ಲಗೆ ತಟ್ಟಬೇಕು. ಇದು ಖಾಲಿ ಕವಚಕ್ಕೆ ಮಾತ್ರ. ಹಾರದ ತೋಟಾ ಸಿಕ್ಕಿಕೊಂಡಿದ್ದರೆ ಕೋಲು ಹಾಕಬೇಡಿ, ಬಾಯಿಯ ಮುಂದೆ ಕೈಯನ್ನೂ ತರಬೇಡಿ. ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿಟ್ಟು ಬಲ್ಲವರನ್ನು ಕರೆಸಿ.

ಇನ್ನು ಆ ಎಂಟು ತೋಟಾಗಳು. ಕಾಗದದ ಕವಚವಾಗಿದ್ದರೆ ಮಾತು ಬೇಕಿಲ್ಲ, ನಮ್ಮ ಆಟಿ ತಿಂಗಳ ತೇವಕ್ಕೆ ಅವು ಉಬ್ಬದಿದ್ದರೆ ಆಶ್ಚರ್ಯ. ಭಾಗಮಂಡಲದ ಕಡೆ ಬೀರುವಿನಲ್ಲಿಟ್ಟ ಚರ್ಮದ ಚಪ್ಪಲಿಗೆ ವಾರದಲ್ಲಿ ಬೂಷ್ಟು ಬರುವ ಕಾಲದಲ್ಲಿ ಕಾಗದದ ಗತಿ ಏನು? ಪ್ಲಾಸ್ಟಿಕ್ ಉಬ್ಬುವುದಿಲ್ಲ, ಆದರೆ ಅದರ ಬುಡದ ಲೋಹ ಕಿಲುಬುತ್ತದೆ, ಕೇಪಿನ ಸುತ್ತ ಹಸಿರು ಗೆರೆ ಬೀಳುತ್ತದೆ. ತೋಟಾಗಳನ್ನು ಚರ್ಮದ ಬೆಲ್ಟಿನಲ್ಲೇ ಸಿಕ್ಕಿಸಿ ವರ್ಷವಿಡೀ ಗೋಡೆಗೆ ನೇತುಹಾಕುವ ಮನೆಗಳಲ್ಲಿ ಇದು ಇನ್ನೂ ಬೇಗ: ಚರ್ಮ ಹದಮಾಡಲು ಬಳಸಿದ ಪದಾರ್ಥ ಹಿತ್ತಾಳೆಯೊಂದಿಗೆ ಸೇರಿ ಹಸಿರು ಮೇಣದಂತಹ ಕಿಲುಬನ್ನು ಬಿಡುತ್ತದೆ. ಬೆಲ್ಟು ಹಬ್ಬದ ದಿನ ಸೊಂಟಕ್ಕೆ ಚೆಂದ, ತೋಟಾ ಇಡುವ ಪೆಟ್ಟಿಗೆಯಲ್ಲ. ಉಬ್ಬಿದ್ದನ್ನು ಬಿಸಿಲಿಗಿಟ್ಟು ಒಣಗಿಸುವುದು, ಒಲೆಯ ಮೇಲಿನ ಅಟ್ಟದಲ್ಲಿಡುವುದು, ಅರ ಹಾಕಿ ಸಣ್ಣದು ಮಾಡುವುದು, ಎಣ್ಣೆ ಸವರಿ ತುರುಕುವುದು, ಇವುಗಳಲ್ಲಿ ಒಂದನ್ನೂ ಮಾಡಬೇಡಿ. ಎಣ್ಣೆಯ ಬಗ್ಗೆ ಅನೇಕರಿಗೆ ಅನುಮಾನವಿದೆ, 'ಜಾರಲಿ ಅಂತ ತಾನೆ' ಎನ್ನುತ್ತಾರೆ. ಕವಚ ಗೋಡೆಗೆ ಹಿಡಿದುಕೊಳ್ಳುವುದರಿಂದಲೇ ಹಿಂದಿನ ಫಲಕದ ಮೇಲೆ ಬೀಳುವ ಹೊಡೆತ ಕಡಿಮೆಯಾಗುವುದು; ಎಣ್ಣೆ ಸವರಿದರೆ ಆ ಹಿಡಿತ ತಪ್ಪಿ ಹೊಡೆತವೆಲ್ಲ ಕೀಲಿನ ಮೇಲೆ ಹೋಗುತ್ತದೆ. ಮೇಲಾಗಿ ಎಣ್ಣೆ ಕೇಪಿನೊಳಗೆ ಇಳಿದು ತೋಟಾ ಹಾರದಿರಬಹುದು. ಕೂರದ ತೋಟಾಗಳನ್ನು ಬೇರೆಯಾಗಿಟ್ಟು, ಪರವಾನಗಿಯುಳ್ಳ ಆಯುಧ ವ್ಯಾಪಾರಿಗೋ ಪೊಲೀಸ್ ಠಾಣೆಗೋ ಒಪ್ಪಿಸಿ. ಎಡ ನಳಿಗೆಯಲ್ಲಿ ಕೂರುತ್ತವೆಯಲ್ಲ ಎಂದು ಅಲ್ಲಿ ಹೊಡೆದು ಮುಗಿಸುವ ಆಸೆ ನಿಮಗಾದೀತು. ತೇವ ಕುಡಿದ ತೋಟಾ ಅರೆಮನಸ್ಸಿನಲ್ಲಿ ಹಾರಿ, 'ಪುಸ್' ಎಂದು ಸದ್ದುಮಾಡಿ, ಮದ್ದಿಗೂ ಚರೆಗಳಿಗೂ ನಡುವೆ ಇರುವ ಬಿರಡೆಯನ್ನು ನಳಿಗೆಯ ನಡುವೆಯೇ ಬಿಟ್ಟುಬಿಡಬಹುದು. ಅದನ್ನು ನೋಡದೆ ಮುಂದಿನ ಈಡು ಹೊಡೆದರೆ ನಳಿಗೆ ಸೀಳುತ್ತದೆ.

ಈಗ ನೀವು ಕೇಳದೇ ಇರುವ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿಗೆ ಬರುತ್ತೇನೆ. ನಿಮ್ಮ ಚಿಂತೆ ಕೂರದ ತೋಟಾಗಳ ಬಗ್ಗೆ. ನನ್ನ ಚಿಂತೆ ಸಲೀಸಾಗಿ ಕೂತ ಹದಿನೇಳರ ಬಗ್ಗೆ. ಅಜ್ಜನ ಕಾಲದ ಇಂಗ್ಲಿಷ್ ಕೋವಿ ಎಂದಿದ್ದೀರಿ. ಆ ಕಾಲದ ಹನ್ನೆರಡು ಬೋರಿನ ಬೇಟೆಯ ಕೋವಿಗಳಲ್ಲಿ ಹೆಚ್ಚಿನವುಗಳ ಕೋಣೆಯ ಉದ್ದ ಎರಡೂವರೆ ಅಂಗುಲ, ಅಂದರೆ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ತೋಟಾ 70 ಮಿಲಿಮೀಟರಿನದು, ಎರಡೂಮುಕ್ಕಾಲು ಅಂಗುಲ. ಮೋಸ ಇರುವುದು ಇಲ್ಲಿ: 70 ಎಂಬುದು ತೋಟಾದ ಈಗಿನ ಉದ್ದವಲ್ಲ, ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಕವಚದ ಉದ್ದ. ಹಾರುವ ಮುನ್ನ ಅದರ ಬಾಯಿ ಹೂವಿನ ಮೊಗ್ಗಿನಂತೆ ಒಳಗೆ ಮಡಚಿಕೊಂಡಿರುವುದರಿಂದ ಒಟ್ಟು ಉದ್ದ 65ಕ್ಕಿಂತ ಕಡಿಮೆಯೇ ಇರುತ್ತದೆ. ಆದ್ದರಿಂದ ಅದು 65ರ ಕೋಣೆಯಲ್ಲಿ 'ಟಕ್' ಎಂದು ಚೆನ್ನಾಗಿಯೇ ಕೂರುತ್ತದೆ, ಕೋವಿ ಮುಚ್ಚುತ್ತದೆ, ಇಳಿಬಿಟ್ಟು ನೋಡುವ ಪರೀಕ್ಷೆಯಲ್ಲೂ ಉತ್ತೀರ್ಣವಾಗುತ್ತದೆ. ಹಾರಿದ ಕ್ಷಣದಲ್ಲಿ ಮಾತ್ರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ, ಕೋಣೆ ಮುಗಿದು ನಳಿಗೆ ಕಿರಿದಾಗುವ ಇಳಿಜಾರಿನೊಳಗೆ ಬಿಚ್ಚಿಕೊಂಡು, ಚರೆಗಳು ಹೋಗಬೇಕಾದ ದಾರಿಯನ್ನೇ ಇಕ್ಕಟ್ಟು ಮಾಡುತ್ತದೆ. ಒತ್ತಡ ಏರುತ್ತದೆ. ಹಳೆಯ ಕೋವಿಯನ್ನು ಆ ಒತ್ತಡಕ್ಕೆ ಪರೀಕ್ಷೆ ಮಾಡಿರುವುದಿಲ್ಲ.

ಎಷ್ಟಕ್ಕೆ ಪರೀಕ್ಷೆಯಾಗಿದೆ ಎಂದು ಕೋವಿಯೇ ಹೇಳುತ್ತದೆ. ನಳಿಗೆ ಬಿಚ್ಚಿ ಮಗುಚಿದರೆ ಕೋಣೆಗಳ ಕೆಳಗಿನ ಚಪ್ಪಟೆ ಭಾಗದಲ್ಲಿ ಕೋವಿಗಳ ಬಲ ಪರೀಕ್ಷಿಸುವ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆಗಳು ಕಾಣುತ್ತವೆ. 2½ ಎಂದು ಒತ್ತಿದ್ದರೆ ಕೋಣೆ 65 ಮಿಲಿಮೀಟರಿನದು. 1954ರ ನಂತರ ಪರೀಕ್ಷೆಯಾದ ಕೋವಿಯಾದರೆ 3 ಟನ್ ಅಥವಾ 3¼ ಟನ್ ಎಂದು ಒತ್ತಡದ ಗುರುತೂ ಇರುತ್ತದೆ. 3 ಟನ್ನಿನದು ಚಿಕ್ಕ ಕೋಣೆಯ ಕೋವಿಗೆ ಸಾಮಾನ್ಯ. ಇನ್ನೂ ಹಳೆಯದಾದರೆ ಉದ್ದವನ್ನು ಬರೆದಿರುವುದೇ ಇಲ್ಲ, ವಜ್ರಾಕಾರದ ಗೆರೆಯೊಳಗೆ 12 ಮತ್ತು ಅದರ ಕೆಳಗೆ ಇಂಗ್ಲಿಷಿನ ಸಿ ಅಕ್ಷರ ಮಾತ್ರ ಇರುತ್ತದೆ. ಅಂಥದ್ದನ್ನು ಅಳೆದು ನೋಡುವವರೆಗೆ 65ರದ್ದೆಂದೇ ತಿಳಿಯುವುದು ಕ್ಷೇಮ. ನಳಿಗೆಯ ಮೈಮೇಲೆ ಹೆಣೆದ ಬಳ್ಳಿಯಂತಹ ಸುರುಳಿ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಗೆ. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ನೈಟ್ರೋ ಮುದ್ರೆ ಇಲ್ಲದಿದ್ದರೆ ಅದರಲ್ಲಿ ಈಗಿನ ತೋಟಾ ಹಾಕಲೇಬಾರದು, ಕೈಲ್ ಪೊಳ್ದ್ ದಿನ ತೋಕ್ ಪೂ (ಕೋವಿ ಹೂ) ಮುಡಿಸಿ ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿಟ್ಟು ಪೂಜಿಸಿದರೆ ಸಾಕು. ನೀವು ಹೊಡೆದ ತೋಟಾಗಳ ಖಾಲಿ ಕವಚಗಳ ಬಾಯಿಯನ್ನೂ ನೋಡಿ: ತುದಿ ಸವೆದು, ತೆಳುವಾಗಿ, ಅಂಚು ಅಂಚಾಗಿ ಹರಿದಿದ್ದರೆ ಕೋಣೆ ಗಿಡ್ಡವಿದೆ ಎಂಬ ಶಂಕೆಗೆ ಬಲ ಬರುತ್ತದೆ. ಬಿಗಿಯಾಗಿ ಸಿಕ್ಕಿಕೊಂಡ ಆ ಎರಡು ಕವಚಗಳೂ ಇದನ್ನೇ ಹೇಳುತ್ತಿರಬಹುದು.

ಕೂತದ್ದೆಲ್ಲ ಸರಿಯಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ, ಎರಡು ಬಗೆಯ ಕೋವಿಗಳಿರುವ ಮನೆಗಳಿಗಾಗಿ: ಇಪ್ಪತ್ತು ಬೋರಿನ ತೋಟಾ ಹನ್ನೆರಡರ ಕೋಣೆಯೊಳಗೆ ಪೂರ್ತಿ ಜಾರಿಹೋಗಿ ಮುಂದೆ ಸಿಕ್ಕಿ ನಿಲ್ಲುತ್ತದೆ, ಹಿಂದಿನಿಂದ ಖಾಲಿಯಾಗಿ ಕಾಣುತ್ತದೆ, ಅದರ ಹಿಂದೆ ಹನ್ನೆರಡರದ್ದೂ ಕೂರುತ್ತದೆ. ಇಪ್ಪತ್ತರ ತೋಟಾವನ್ನು ಹಳದಿ ಬಣ್ಣದಲ್ಲಿ ಮಾಡುವುದು ಇದಕ್ಕಾಗಿಯೇ. ಎರಡನ್ನೂ ಒಂದೇ ಡಬ್ಬಿಯಲ್ಲಿಡಬೇಡಿ.

ನಿಮ್ಮ ಮಗನ ಪಿಸ್ತೂಲಿನ ವಿಷಯ ಬೇರೆಯದೇ ಲೆಕ್ಕ. ನಮ್ಮ ಸೇನೆಯಲ್ಲಿ ಬಳಕೆಯಲ್ಲಿದ್ದ, ಇಛಾಪುರದ ರೈಫಲ್ ಕಾರ್ಖಾನೆಯ 9 ಮಿಲಿಮೀಟರ್ ಪಿಸ್ತೂಲುಗಳನ್ನು ಬಹಳ ಕಾಲ ಬಿಚ್ಚಿ ಜೋಡಿಸಿದ್ದರಿಂದ ಅದರ ಬಗ್ಗೆಯೂ ಹೇಳಬಲ್ಲೆ. ಹನ್ನೆರಡು ಬೋರಿನ ತೋಟಾ ಬುಡದ ಅಂಚಿನ ಮೇಲೆ ನಿಂತರೆ, 9 ಮಿಲಿಮೀಟರಿನ ತೋಟಾಗೆ ಹೊರಚಾಚಿದ ಅಂಚೇ ಇಲ್ಲ. ಅದು ಕವಚದ ಬಾಯಿಯ ತುದಿಯನ್ನು ಕೋಣೆಯ ಮುಂದಿನ ಮೆಟ್ಟಿಲಿಗೆ ಆನಿಸಿಕೊಂಡು ನಿಲ್ಲುತ್ತದೆ. ಹೀಗಾಗಿ ಬಾಯಿಯ ಅಳತೆಯೇ ಅಲ್ಲಿ ಎಲ್ಲ. ಗುಂಡು ಕೂರಿಸಲು ಬಾಯಿಯನ್ನು ಗಂಟೆಯಂತೆ ಕೊಂಚ ಅರಳಿಸುತ್ತಾರೆ, ಗುಂಡು ಕೂತ ಮೇಲೆ ಆ ಅರಳಿದ್ದನ್ನು ಮತ್ತೆ ಒತ್ತಿ ನೇರಮಾಡಬೇಕು. ಬಾಯಿಯ ಹೊರವ್ಯಾಸ 9.65 ಮಿಲಿಮೀಟರ್ ಮೀರಬಾರದು. ಒತ್ತಿದ್ದು ಸಾಲದಿದ್ದರೆ ತೋಟಾ ಕೋಣೆಯ ಬಾಗಿಲಲ್ಲೇ ಸಿಕ್ಕುತ್ತದೆ. ಅತಿಯಾಗಿ ಒತ್ತಿದರೆ ಬಾಯಿ ಮೆಟ್ಟಿಲನ್ನು ದಾಟಿ ಒಳಗೆ ಹೋಗಿ, ಮೊಳೆಯ ಪೆಟ್ಟು ಕೇಪಿಗೆ ಸರಿಯಾಗಿ ಬೀಳುವುದಿಲ್ಲ.

ಆದರೆ ಅವನದೇ ತೋಟಾ ಹಳೆಯ ಪಿಸ್ತೂಲಿನಲ್ಲಿ ಓಡಿ ಹೊಸದರಲ್ಲಿ ಮಾತ್ರ ಸಿಕ್ಕುತ್ತಿದ್ದರೆ ನನ್ನ ಮೊದಲ ಅನುಮಾನ ಗುಂಡಿನ ಹೆಗಲಿನ ಮೇಲೆ. ಕೆಲವು ಪಿಸ್ತೂಲುಗಳಲ್ಲಿ ಕೋಣೆ ಮುಗಿದ ಕೂಡಲೇ ನಳಿಗೆಯ ಸುತ್ತುಗೆರೆಗಳು ಆರಂಭವಾಗುತ್ತವೆ. ಎರಕದ ಸೀಸದ, ಹೆಗಲು ಅಗಲವಾದ ಗುಂಡನ್ನು ಕೊಂಚ ಉದ್ದವಾಗಿ ಕೂರಿಸಿದರೂ ಅದು ಆ ಗೆರೆಗಳಿಗೆ ತಾಗಿ, ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಸ್ಲೈಡ್ ಪೂರ್ತಿ ಮುಚ್ಚದೆ ನಿಲ್ಲುತ್ತದೆ. ತೋಟಾದ ಒಟ್ಟು ಉದ್ದ 29.69 ಮಿಲಿಮೀಟರಿನ ಮಿತಿಯೊಳಗಿದೆ ಎಂದು ಅವನು ವಾದಿಸಬಹುದು. ಆ ಮಿತಿ ತೋಟಾ ಮ್ಯಾಗಜಿನ್ನಿಗೆ ಹೊಂದಲು ಸಾಕು, ಅವನ ಗುಂಡಿನ ಆಕಾರಕ್ಕೂ ಅವನ ನಳಿಗೆಗೂ ಅದು ಉತ್ತರ ಕೊಡುವುದಿಲ್ಲ. ಪಿಸ್ತೂಲಿನ ನಳಿಗೆ ಬಿಚ್ಚಿ, ಶಾಯಿ ಬಳಿದ ತೋಟಾವನ್ನು ಇಳಿಬಿಟ್ಟು, ಬೆರಳಿನಿಂದ ಅತ್ತಿತ್ತ ತಿರುಗಿಸಿ ನೋಡಲಿ. ಸಲೀಸಾಗಿ ತಿರುಗಿದರೆ ಗುಂಡು ಎಲ್ಲಿಯೂ ತಾಗಿಲ್ಲ. ತಿರುಗದೆ, ಗುಂಡಿನ ಹೆಗಲಿನಲ್ಲಿ ಸಾಲುಸಾಲಾಗಿ ಗೀರುಗಳು ಬಿದ್ದಿದ್ದರೆ ಗುಂಡನ್ನು ಇನ್ನಷ್ಟು ಒಳಗೆ ಕೂರಿಸಬೇಕು. ಹಾಗೆ ಕೂರಿಸಿದಾಗ ಆ ಚಿಕ್ಕ ಕವಚದೊಳಗೆ ಮದ್ದಿಗಿರುವ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ ಎಂಬುದನ್ನು ಅವನು ಮರೆಯಬಾರದು; ಮದ್ದಿನ ತೂಕವನ್ನು ಕೈಪಿಡಿಯ ಕನಿಷ್ಠ ಮಟ್ಟಕ್ಕೆ ಇಳಿಸಿ ಮತ್ತೆ ಮೊದಲಿನಿಂದ ನೋಡಿಕೊಂಡು ಬರಬೇಕು.

ಸಿದ್ಧವಾದ ತೋಟಾವನ್ನು ಕೊನೆಯಲ್ಲಿ ಗಟ್ಟಿ ಉಂಗುರದೊಳಗೆ ತೂರಿಸಿ ಅಳತೆಗೆ ತರುವ ಅಚ್ಚೊಂದು ಅಲ್ಲಿ ಸಿಗುತ್ತದೆ, ಅನೇಕರು ಅದನ್ನೇ ನಂಬಿಕೊಂಡಿದ್ದಾರೆ. ನನಗೆ ಅದು ರೋಗ ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟ ಹಾಗೆ ಕಾಣುತ್ತದೆ. ಸೀಸದ ಗುಂಡಿದ್ದರಂತೂ, ಉಂಗುರದಿಂದ ಹೊರಬಂದ ಮೇಲೆ ಹಿತ್ತಾಳೆ ಕೊಂಚ ಹಿಂದೆ ಹಿಗ್ಗುತ್ತದೆ, ಸೀಸ ಹಿಗ್ಗುವುದಿಲ್ಲ. ಗುಂಡಿನ ಮೇಲಿನ ಹಿಡಿತ ಸಡಿಲವಾಗುತ್ತದೆ. ಹಿಡಿತ ಸಡಿಲವಾದ ಗುಂಡು ಮ್ಯಾಗಜಿನ್ನಿನಿಂದ ಕೋಣೆಗೆ ಏರುವ ದಾರಿಯ ಇಳಿಜಾರಿಗೆ ಬಡಿದಾಗ ಒಳಗೆ ಸರಿಯುತ್ತದೆ, ಮತ್ತೆ ಅದೇ ಒತ್ತಡದ ಅಪಾಯ. ಕೇಪು ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗಿದೆಯೇ ಎಂದು ಉಗುರು ಆಡಿಸಿ ನೋಡಲಿ. ಮೇಲೆ ಉಬ್ಬಿದ್ದರೆ ಅದೂ ಸ್ಲೈಡನ್ನು ತಡೆಯುತ್ತದೆ. ಮ್ಯಾಗಜಿನ್ನಿನಿಂದ ತೋಟಾ ಏರುವುದನ್ನು ಮನೆಯಲ್ಲಿ ಪರೀಕ್ಷಿಸಬೇಕೆಂದರೆ ಮದ್ದೂ ಕೇಪೂ ಇಲ್ಲದ ಸುಳ್ಳು ತೋಟಾಗಳನ್ನು ಮಾಡಿಕೊಂಡು, ಗುರುತಿಗೆ ಬಣ್ಣ ಹಚ್ಚಿಕೊಂಡು ನೋಡಲಿ.

ಅವನು ಅದನ್ನೆಲ್ಲ ಮಾಡುತ್ತಿರುವುದು ಅಲ್ಲಿಯ ಕಾನೂನಿನೊಳಗೆ. ಇಲ್ಲಿಗೆ ಯಂತ್ರ ತರುವ ಯೋಚನೆಯನ್ನು ಇಬ್ಬರೂ ಬಿಟ್ಟುಬಿಡಿ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ ವಿನಾಯಿತಿ ಕೋವಿ ಹೊಂದಿರುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡು ತಯಾರಿಸುವುದು 1959ರ ಆಯುಧ ಕಾಯ್ದೆಯ 5ನೆಯ ಕಲಮಿನ ಮಾತು, ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. 'ಮನೆಗೆ ನಾಲ್ಕು ತೋಟಾ ತುಂಬಿಕೊಂಡೆವು' ಎಂಬುದು ಠಾಣೆಯಲ್ಲಿ ಉತ್ತರವಾಗುವುದಿಲ್ಲ. ಕಾನೂನನ್ನು ಬದಿಗಿಟ್ಟರೂ ಅದು ನಿಮ್ಮ ತೊಂದರೆಗೆ ಔಷಧವಲ್ಲ: ಕೊಳೆ ಕೂತ ಕೋಣೆಯಲ್ಲಿ ಮನೆಯಲ್ಲಿ ತುಂಬಿದ ತೋಟಾವೂ ಸಿಕ್ಕುತ್ತದೆ, ಗಿಡ್ಡ ಕೋಣೆಯಲ್ಲಿ ಅದೂ ಒತ್ತಡ ಏರಿಸುತ್ತದೆ.

ಮುಂದಿನ ಮಳೆಗಾಲಕ್ಕೆ ತೋಟಾಗಳನ್ನು ರಬ್ಬರ್ ಪಟ್ಟಿಯಿರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಂದಿಗೆ ಇಡಿ. ಡಬ್ಬಿಯನ್ನು ಮೇ ತಿಂಗಳ ಒಣಹವೆಯ ದಿನವೇ ಮುಚ್ಚಬೇಕು; ಜುಲೈಯಲ್ಲಿ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತೆ. ಡಬ್ಬಿಯ ಮೇಲೆ ಕೊಂಡ ವರ್ಷವನ್ನು ಬರೆದು, ಹಳೆಯದನ್ನು ಮೊದಲು ಬಳಸಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕುವುದನ್ನು ನಾನು ಹೇಳಬೇಕಿಲ್ಲ.

ಸದ್ಯಕ್ಕೆ ಕೋವಿಯನ್ನು ಬಳಸಬೇಡಿ. ನಳಿಗೆಯ ಅಡಿಯ ಮುದ್ರೆಗಳನ್ನು ಹಗಲು ಬೆಳಕಿನಲ್ಲಿ ನೋಡಿ ಬರೆದುಕೊಳ್ಳಿ, ತೋಡನ್ನು ಬಿದಿರಿನಿಂದ ಕೆರೆದು ಎಡ ಬಲ ಎರಡರಲ್ಲೂ ಇಳಿಬಿಟ್ಟು ನೋಡಿ, ಆಮೇಲೆ ಪರವಾನಗಿಯುಳ್ಳ ದುರಸ್ತಿಗಾರರಲ್ಲಿ ಚೇಂಬರ್ ಗೇಜಿನಿಂದ ಉದ್ದವನ್ನು ಅಳೆಸಿ. ಸಿಕ್ಕಿಕೊಂಡಿದ್ದ ಆ ಎರಡು ಖಾಲಿ ಕವಚಗಳನ್ನು ಇನ್ನೂ ಎಸೆದಿರದಿದ್ದರೆ ಕೋವಿಯ ಜೊತೆಗೆ ಅವನ್ನೂ ಒಯ್ಯಿರಿ. ಅವುಗಳ ಮೈಮೇಲಿನ ಗೀರುಗಳನ್ನು ನೋಡಿದರೆ ಬಲ ಕೋಣೆಯ ಯಾವ ಜಾಗದಲ್ಲಿ ಗುಳಿ ಬಿದ್ದಿದೆ ಎಂದು ಅವರಿಗೆ ತಿಳಿಯುತ್ತದೆ.